ಗಣಕದ ಗಡಿಯಾರ ನಿಂತರೆ ಟಪಾಲೂ ನಿಲ್ಲುತ್ತದೆ

ಹೀಗೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಸವದತ್ತಿ ಸೀಮೆಯ ಚಚಡಿಯಲ್ಲಿ ಒಂದು ಹೈಸ್ಕೂಲು. ಜೂನ್ ತಿಂಗಳ ಮೊದಲ ವಾರ. ಊರವರಿಗೆಲ್ಲ ಹೆಸರು ಬಿತ್ತುವ ಗಡಿಬಿಡಿ. ಅಂಥದ್ದರಲ್ಲಿ ಒಬ್ಬ ರೈತ ಹೊಲ ಬಿಟ್ಟು ಮಗಳನ್ನು ಕರೆದುಕೊಂಡು ಶಾಲೆಯ ಕಚೇರಿಗೆ ಬಂದಿದ್ದಾನೆ. ಒಂಬತ್ತನೆಯ ತರಗತಿ ಮುಗಿಸಿದ ಹುಡುಗಿ ಹಿಂದಿನ ವರ್ಷ ‘ಇನ್‌ಸ್ಪೈರ್–ಮಾನಕ್’ ಪ್ರಶಸ್ತಿಗಾಗಿ ತನ್ನದೊಂದು ವಿಜ್ಞಾನದ ಕಲ್ಪನೆಯನ್ನು ಶಾಲೆಯ ಮೂಲಕ ಕಳಿಸಿದ್ದಳು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಈ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಹತ್ತು ಸಾವಿರ ಎಂದರೆ ಒಕ್ಕಲುತನದ ಮನೆಗೆ ಸಣ್ಣ ಮೊತ್ತವಲ್ಲ. ಹುಡುಗಿಗಂತೂ ಹಣಕ್ಕಿಂತ ದೊಡ್ಡದು ತನ್ನ ಯಂತ್ರ ತಯಾರಾಗುವುದು.

“ಬಾಜೂ ಊರಿನ ಸಾಲ್ಯಾಗ ಇ-ಮೇಲ್ ಬಂದೈತಂತ್ರಿ ಸರ್. ನಮ್ದೇನಾತ್ರಿ?” ಎಂದು ತಂದೆ ಕೇಳಿದ.

“ದಿನಾ ನೋಡಾಕತ್ತೇವಿ, ಏನೂ ಬಂದಿಲ್ಲೋ ಮಾರಾಯಾ. ಬಂದ್ರ ಹೇಳಿ ಕಳಸ್ತೀವಿ” ಎಂದರು ಹೆಡ್‌ಮಾಸ್ತರು.

ಹೊರಗೆ ಬಂದಾಗ ತಂದೆ ಕೇಳಿದ: “ಯಾಕವಾ, ನೀ ಬರದದ್ದು ಬರೋಬರಿ ಇತ್ತಿಲ್ಲೋ?” ಹುಡುಗಿಯ ಕಣ್ಣಲ್ಲಿ ನೀರು.

ಹೆಡ್‌ಮಾಸ್ತರು ಸುಳ್ಳು ಹೇಳಿರಲಿಲ್ಲ. ಹುಡುಗಿ ಬರೆದದ್ದೂ ತಪ್ಪಾಗಿರಲಿಲ್ಲ. ಪತ್ರ ಬಂದಿತ್ತು, ಆದರೆ ಶಾಲೆಯ ಗಣಕಯಂತ್ರಕ್ಕೆ ಬಂದಿರಲಿಲ್ಲ. ಇದೆಂಥ ಒಗಟು ಎನ್ನುತ್ತೀರಾ? ಇ-ಮೇಲ್ ಎಂಬುದು ಹೇಗೆ ಪ್ರಯಾಣ ಮಾಡುತ್ತದೆಂದು ತಿಳಿದರೆ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಾಗದದ ಟಪಾಲನ್ನೇ ಮೊದಲು ನೋಡಿ. 1972ರ ಆಗಸ್ಟ್ 15ರಂದು ಆರಂಭವಾದ ಪಿನ್‌ಕೋಡಿನ ಮೊದಲ ಅಂಕಿ 5 ಇದ್ದರೆ ಪತ್ರ ಕರ್ನಾಟಕ, ಆಂಧ್ರದ ಕಡೆಯದು. 591126 ಎಂದಿದ್ದರೆ ಅದು ಸವದತ್ತಿಗೆ ಬಂದು ಇಳಿಯುತ್ತದೆ. ಅಲ್ಲಿಂದ ಮುಂದೆ ಅಂಚೆಯಣ್ಣ ಮನೆ ಬಾಗಿಲಿಗೆ ತಂದು ಕೊಡುತ್ತಾನೆ. ಆದರೆ ದೊಡ್ಡ ಊರಿನ ಅಂಗಡಿಕಾರರು ಕೆಲವರು ಅಂಚೆ ಕಚೇರಿಯಲ್ಲೇ ಒಂದು ಪೆಟ್ಟಿಗೆ ಬಾಡಿಗೆಗೆ ಹಿಡಿದಿರುತ್ತಾರೆ. ಪತ್ರ ಆ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಂಗಡಿಯ ಆಳು ಕೀಲಿಕೈ ಹಿಡಿದುಕೊಂಡು ಹೋಗಿ ತರಬೇಕು. ಅವನು ಹೋಗದಿದ್ದರೆ ಪತ್ರ ಅಲ್ಲೇ.

ಇ-ಮೇಲ್ ಈ ಎರಡನೆಯ ಜಾತಿಯದು. ಅದು ಯಾರ ಮನೆಗೂ ಬರುವುದಿಲ್ಲ. ಕಳಿಸಿದವರ ಕಡೆಯಿಂದ ಹೊರಟು, ಹಗಲೂ ರಾತ್ರಿ ಚಾಲೂ ಇರುವ ಒಂದು ದೊಡ್ಡ ಗಣಕಕ್ಕೆ, ಅಂದರೆ ಸರ್ವರ್‌ಗೆ, ಬಂದು ಕೂರುತ್ತದೆ. ಅಲ್ಲಿಯತನಕ ತಂದು ಮುಟ್ಟಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. ಇದು 1982ರಲ್ಲಿ ರೂಪುಗೊಂಡಿತು. ಅಲ್ಲಿಂದ ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ತರುವುದು ಬೇರೆಯದೇ ಕೆಲಸ, ಅದಕ್ಕೆ ಬೇರೆಯದೇ ನಿಯಮಾವಳಿ. ಅದರ ಹೆಸರು ಪಾಪ್, ಅಂದರೆ ‘ಪೋಸ್ಟ್ ಆಫೀಸ್ ಪ್ರೋಟೋಕಾಲ್’. ಹೆಸರಿನಲ್ಲೇ ಅಂಚೆ ಕಚೇರಿ ಇದೆ, ನೋಡಿ! ಗಣಕದಲ್ಲಿರುವ ಔಟ್‌ಲುಕ್, ಥಂಡರ್‌ಬರ್ಡ್ ಮುಂತಾದ ತಂತ್ರಾಂಶಗಳೇ ಕೀಲಿಕೈ ಹಿಡಿದು ಹೋಗುವ ಆಳುಗಳು.

ಆದ್ದರಿಂದ ‘ಇ-ಮೇಲ್ ಬಂದಿಲ್ಲ’ ಎಂಬ ಮಾತಿಗೆ ಎರಡು ಅರ್ಥ. ಪತ್ರ ಪೆಟ್ಟಿಗೆಗೇ ಬಂದಿಲ್ಲ ಎನ್ನುವುದು ಒಂದು. ಪೆಟ್ಟಿಗೆಗೆ ಬಂದಿದೆ, ಆಳು ಅದನ್ನು ತಂದಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಯಾವುದು ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಆ ತಂತ್ರಾಂಶವನ್ನು ಬದಿಗಿಟ್ಟು, ಯಾವುದಾದರೂ ಬೇರೆ ಯಂತ್ರದ ಬ್ರೌಸರಿನಲ್ಲಿ ಅದೇ ಖಾತೆಯನ್ನು ತೆರೆದು ನೋಡುವುದು. ಅಲ್ಲಿ ಪತ್ರ ಇದ್ದರೆ ದೋಷ ನಮ್ಮ ಆಳಿನದು. ಇಲ್ಲದಿದ್ದರೆ ದೋಷ ಹಿಂದೆ ಎಲ್ಲೋ ಇದೆ. ಸೈಕಲ್ ಪಂಕ್ಚರಾದಾಗ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದಿಲ್ಲವೇ, ಹಾಗೆ. ಬಹಳ ಜನ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ತಂತ್ರಾಂಶವನ್ನೇ ಅಳಿಸಿ ಹೊಸದಾಗಿ ಹಾಕುವ ಸಾಹಸಕ್ಕೆ ಇಳಿಯುತ್ತಾರೆ. ಅದರಿಂದ ಮೊದಲಿದ್ದ ಪತ್ರಗಳೂ ಹೋದ ಉದಾಹರಣೆಗಳುಂಟು.

ಇಷ್ಟೆಲ್ಲ ತಾಪತ್ರಯ ಏಕೆ, ಎಲ್ಲರೂ ಬ್ರೌಸರಿನಲ್ಲೇ ಓದಬಾರದೇ ಎಂದು ಇಂದಿನ ಮಕ್ಕಳು ಕೇಳಿಯಾರು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಗಣಕಗಳ ನಡುವೆ ಜಾಲದ ಮೂಲಕ ಮೊದಲ ಪತ್ರ ಕಳಿಸಿದರು. ಹೆಸರಿನ ಮತ್ತು ಊರಿನ ನಡುವೆ ‘ಅಟ್’ ಚಿಹ್ನೆ ಇಟ್ಟವರೂ ಅವರೇ. ಆ ಪತ್ರದಲ್ಲಿ ಏನಿತ್ತೆಂಬುದು ಅವರಿಗೇ ನೆನಪಿರಲಿಲ್ಲ! ಆಗ ಎಲ್ಲರೂ ದೊಡ್ಡ ಗಣಕದ ಮುಂದೆಯೇ ಕುಳಿತು ಓದುತ್ತಿದ್ದರು. ಮನೆಗಳಿಗೆ ಸಣ್ಣ ಗಣಕಗಳು ಬಂದಾಗ ತೊಡಕಾಯಿತು. ಅವನ್ನು ರಾತ್ರಿ ಬಂದ್ ಮಾಡುತ್ತಾರೆ. ಬಂದ್ ಇರುವ ಯಂತ್ರಕ್ಕೆ ಪತ್ರ ಕೊಡುವುದು ಹೇಗೆ? ಅದಕ್ಕಾಗಿ 1984ರಲ್ಲಿ ಪಾಪ್ ಹುಟ್ಟಿತು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿ 1988ರದು. 1986ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಎಂಬ ಇನ್ನೊಂದು ವಿಧಾನ ರೂಪಿಸಿದರು. ಪಾಪ್ ಪತ್ರವನ್ನು ಮನೆಗೆ ಹೊತ್ತು ತರುತ್ತದೆ. ಐಮ್ಯಾಪ್ ಮೂಲ ಪತ್ರವನ್ನು ಅಂಚೆ ಕಚೇರಿಯಲ್ಲೇ ಬಿಟ್ಟು, ನಾಲ್ಕು ಕಡೆಯಿಂದ ನಾಲ್ಕು ಯಂತ್ರಗಳು ನೋಡಿದರೂ ಒಂದೇ ಚಿತ್ರ ಕಾಣುವಂತೆ ಮಾಡುತ್ತದೆ.

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಮೊದಲ ದಿನಗಳಲ್ಲಿ ಒಂದು ಗಣಕ ಇನ್ನೊಂದಕ್ಕೆ ಫೋನ್ ಮಾಡಿ ಪತ್ರದ ಗಂಟನ್ನು ಇಸಿದುಕೊಳ್ಳುತ್ತಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು, ಅದೂ ಮೊದಲು ದೊಡ್ಡ ನಗರಗಳಲ್ಲಿ. ಫೋನಿನ ತಂತಿಯ ಮೇಲೆ ಮೋಡೆಮ್ ಕಿರುಗುಟ್ಟುತ್ತ ಸಂಪರ್ಕ ಸಿಗುತ್ತಿತ್ತು, ಮೀಟರು ಓಡುತ್ತಿತ್ತು. ಆಗಿನವರು ಸಂಪರ್ಕ ಹಚ್ಚಿ, ಪತ್ರಗಳನ್ನು ಎಳೆದುಕೊಂಡು, ಸಂಪರ್ಕ ಕಡಿದು, ಆಮೇಲೆ ನಿಧಾನವಾಗಿ ಓದುತ್ತಿದ್ದರು. ಮೇಲ್ ತಂತ್ರಾಂಶದ ಉಪಯೋಗ ಅದು. 1996ರ ಜುಲೈ 4ರಂದು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಆರಂಭಿಸಿದಾಗಲೇ ತಂತ್ರಾಂಶದ ಹಂಗಿಲ್ಲದೆ ಬ್ರೌಸರಿನಲ್ಲಿ ಪತ್ರ ಓದುವುದು ಸಾಮಾನ್ಯರಿಗೆ ರೂಢಿಯಾದದ್ದು.

ಆದರೂ ಶಾಲೆ, ಸೊಸೈಟಿ, ವಕೀಲರ ಕಚೇರಿಗಳಲ್ಲಿ ಆಳಿನ ಪದ್ಧತಿ ಉಳಿದುಕೊಂಡಿದೆ. ಕಾರಣ ಸರಿಯಾದದ್ದೇ. ನೆಟ್‌ವರ್ಕ್ ಇದ್ದಾಗ ಇಳಿಸಿಕೊಂಡರೆ ಇಲ್ಲದಾಗಲೂ ಓದಬಹುದು, ಸುತ್ತೋಲೆ ಮುದ್ರಿಸಬಹುದು. ನಮ್ಮ ಕಲ್ಪನೆಯ ಶಾಲೆಯ ಗುಮಾಸ್ತರೂ ಥಂಡರ್‌ಬರ್ಡ್ ಹಾಕಿ ಪಾಪ್ ಪದ್ಧತಿಯನ್ನೇ ಇಟ್ಟುಕೊಂಡಿದ್ದರು.

ಸರಿ, ಆ ಶಾಲೆಯಲ್ಲಿ ಆದದ್ದೇನು? ಒಬ್ಬ ಹಳೆಯ ವಿದ್ಯಾರ್ಥಿ, ಬೈಲಹೊಂಗಲದಲ್ಲಿ ಡಿಪ್ಲೊಮಾ ಓದುವವನು, ತನ್ನ ಟಿಸಿ ಒಯ್ಯಲು ಬಂದವನು, ಗುಮಾಸ್ತರ ಹಿಂದೆ ನಿಂತು ನೋಡಿದ. ‘ಗೆಟ್ ಮೆಸೇಜಸ್’ ಒತ್ತಿದ ಕೂಡಲೇ ಒಂದು ಇಂಗ್ಲಿಷ್ ಕಿಟಕಿ ತೆರೆಯಿತು. ಗುಮಾಸ್ತರು ಥಟ್ಟನೆ ಕ್ಯಾನ್ಸಲ್ ಒತ್ತಿದರು. “ಗೊತ್ತಿಲ್ಲದ್ದು ಏನ ಬಂದ್ರೂ ಕ್ಯಾನ್ಸಲ್ ಒತ್ತಬೇಕಂತ ತರಬೇತಿಯೊಳಗ ಹೇಳ್ಯಾರಪಾ” ಎಂದರು. ಅದು ಒಳ್ಳೆಯ ಬುದ್ಧಿಮಾತೇ. ಆದರೆ ಕ್ಯಾನ್ಸಲ್ ಒತ್ತುವ ಮೊದಲು ಓದಬಾರದೆಂದು ಯಾರೂ ಹೇಳಿರಲಿಕ್ಕಿಲ್ಲ! ಹುಡುಗ ಮತ್ತೊಮ್ಮೆ ತೆರೆಸಿ ಓದಿದ. ಸರ್ವರಿನ ಪ್ರಮಾಣಪತ್ರ ಸಿಂಧುವಲ್ಲ, ಅದರ ಅವಧಿ ಇನ್ನೂ ಆರಂಭವಾಗಿಲ್ಲ ಎಂದು ಅದರಲ್ಲಿತ್ತು. ಹುಡುಗ ಪರದೆಯ ಮೂಲೆಯಲ್ಲಿದ್ದ ತಾರೀಖು ನೋಡಿದ. ಹೊರಗೆ ಜೂನ್ ನಡೆದಿದ್ದರೆ ಯಂತ್ರದಲ್ಲಿ ಆರೇಳು ವರ್ಷದ ಹಿಂದಿನ ಜನವರಿ ಒಂದನೆಯ ತಾರೀಖು!

ತಾರೀಖಿಗೂ ಟಪಾಲಿಗೂ ಏನು ಸಂಬಂಧ? ಇಲ್ಲಿದೆ ಸ್ವಾರಸ್ಯ.

ಮೊದಮೊದಲು ಪಾಪ್ ಆಳು ಸರ್ವರ್ ಮುಂದೆ ನಿಂತು ತನ್ನ ಹೆಸರು, ಗುಪ್ತಪದಗಳನ್ನು ಕೂಗಿ ಹೇಳುತ್ತಿತ್ತು. ದಾರಿಯಲ್ಲಿ ಕದ್ದು ಕೇಳುವವರಿಗೆ ಸುಗ್ಗಿ. ಹೀಗಾಗಿ ಈಗ ಎಲ್ಲ ಮಾತುಕತೆಯನ್ನೂ ಗೂಢಲಿಪಿಯಲ್ಲಿ ಮುಚ್ಚಿ ನಡೆಸುತ್ತಾರೆ. ಆದರೆ ಮುಚ್ಚುವ ಮೊದಲು, ಎದುರಿಗಿರುವುದು ನಿಜವಾದ ಅಂಚೆ ಕಚೇರಿಯೇ ಹೊರತು ವೇಷ ಹಾಕಿದ ಕಳ್ಳನಲ್ಲ ಎಂದು ಖಾತ್ರಿಯಾಗಬೇಕು. ಅದಕ್ಕೆ ಸರ್ವರ್ ಒಂದು ಪ್ರಮಾಣಪತ್ರ ತೋರಿಸುತ್ತದೆ. ಬಸ್ ಪಾಸಿನ ಮೇಲೆ ‘ಇಂದಿನಿಂದ ಇಂದಿನವರೆಗೆ’ ಎಂದು ಇರುವಂತೆ ಅದರ ಮೇಲೂ ಎರಡು ತಾರೀಖುಗಳಿರುತ್ತವೆ. ನಮ್ಮ ತಂತ್ರಾಂಶ ಕಂಡಕ್ಟರಿನ ಹಾಗೆ ಆ ತಾರೀಖುಗಳನ್ನು ತನ್ನ ಗಣಕದ ಗಡಿಯಾರದೊಡನೆ ತಾಳೆ ನೋಡುತ್ತದೆ. ಗಡಿಯಾರವೇ ತಪ್ಪಿದ್ದರೆ ಸಾಚಾ ಪಾಸೂ ಖೋಟಾ ಆಗಿ ಕಾಣುತ್ತದೆ. ಕಂಡಕ್ಟರು ನಿಷ್ಠಾವಂತ, ಅವನ ಕೈಯಲ್ಲಿರುವ ಕ್ಯಾಲೆಂಡರು ಮಾತ್ರ ಹಳೆಯದು!

ಹಿಂದೆ ಇಂಥ ಪ್ರಮಾಣಪತ್ರಗಳಿಗೆ ಹಲವು ವರ್ಷದ ಆಯುಷ್ಯ ಇರುತ್ತಿತ್ತು. ಈಗ ಕಡಿಮೆಯಾಗುತ್ತ ಬಂದಿದೆ. 2015ರಿಂದ ಉಚಿತವಾಗಿ ಪ್ರಮಾಣಪತ್ರ ಕೊಡುತ್ತ ಬಂದಿರುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಸಾಮಾನ್ಯವಾಗಿ ಕೊಟ್ಟದ್ದು 90 ದಿನಗಳ ಪತ್ರ. ಅಂದರೆ ಗಣಕದ ಗಡಿಯಾರ ಆರೇಳು ವರ್ಷ ಹಿಂದಿರಬೇಕಾಗಿಯೂ ಇಲ್ಲ, ಬೇಸಗೆ ರಜೆಯ ಎರಡು ತಿಂಗಳು ಹಿಂದೆ ಬಿದ್ದರೂ ಸಾಕು, ಟಪಾಲು ನಿಲ್ಲಬಹುದು.

ಹಾಗಾದರೆ ಗಡಿಯಾರ ನಿಂತದ್ದು ಏಕೆ? ಗಣಕ ಬಂದ್ ಇದ್ದಾಗಲೂ ಅದರೊಳಗೆ ಒಂದು ಪುಟ್ಟ ಗಡಿಯಾರ ನಡೆಯುತ್ತಲೇ ಇರುತ್ತದೆ. ಅದರ ಹೃದಯ ಒಂದು ಸ್ಫಟಿಕದ ಹರಳು, ಕೈಗಡಿಯಾರದಲ್ಲಿರುವಂಥದ್ದೇ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಎಂದು ಹುಬ್ಬೇರಿಸಬೇಡಿ. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಎರಡರ ಹದಿನೈದನೆಯ ಘಾತ ಬರುವುದು ಇದೇ. ಆದ್ದರಿಂದ ಕಂಪನಗಳನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಕರಾರುವಾಕ್ಕಾಗಿ ಒಂದು ಮಿಡಿತ ಉಳಿಯುತ್ತದೆ. ಹತ್ತನೆಯ ತರಗತಿಯವರು ಕಾಗದದ ಮೇಲೆ ಮಾಡಿ ನೋಡಬಹುದು.

ಈ ಹರಳಿಗೆ ಕಾಲುಣಿಸು ಕೊಡುವುದು ಒಂದು ಬಿಲ್ಲೆ ಸೆಲ್. ಹೆಚ್ಚಿನ ಗಣಕಗಳಲ್ಲಿ ಅದು ಸಿಆರ್ 2032: ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಕೊಡುವ ವಿಭವ 3 ವೋಲ್ಟ್. ಆ ಸಂಖ್ಯೆಯೇ ಅದರ ಅಳತೆ! ಗಣಕದ ವಯರು ಗೋಡೆಯ ಸಾಕೆಟ್ಟಿನಲ್ಲಿದ್ದು ಸ್ವಿಚ್ ಚಾಲೂ ಇದ್ದರೆ ಗಡಿಯಾರ ಅಲ್ಲಿಂದಲೇ ವಿದ್ಯುತ್ ಪಡೆಯುತ್ತದೆ, ಸೆಲ್ಲಿಗೆ ವಿಶ್ರಾಂತಿ. ಸ್ವಿಚ್ ತೆಗೆದರೆ ಭಾರವೆಲ್ಲ ಸೆಲ್ಲಿನ ಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲಿನ ಅಡ್ಡಮಳೆ. ಜವಾಬ್ದಾರಿಯುಳ್ಳ ಶಾಲೆಯವರು ರಜೆಗೆ ಹೋಗುವಾಗ ಮೇನ್ ಸ್ವಿಚ್ಚನ್ನೇ ಇಳಿಸಿ ಹೋಗುತ್ತಾರೆ. ಅದು ಮಾಡಬೇಕಾದದ್ದೇ. ಆದರೆ ಮೊದಲೇ ಮುಪ್ಪಾದ ಸೆಲ್ ಆ ಎರಡು ತಿಂಗಳಲ್ಲಿ ಉಸಿರು ಬಿಡುತ್ತದೆ. ಜೂನ್‌ನಲ್ಲಿ ಚಾಲೂ ಮಾಡಿದಾಗ ಗಣಕಕ್ಕೆ ಇಂದು ಯಾವ ದಿನ ಎಂಬುದೇ ನೆನಪಿರುವುದಿಲ್ಲ. ತಯಾರಕರು ಬರೆದಿಟ್ಟ ಯಾವುದೋ ಹಳೆಯ ಜನವರಿಯಿಂದ ಮತ್ತೆ ಎಣಿಸತೊಡಗುತ್ತದೆ.

ಇಂಟರ್ನೆಟ್ ಇದ್ದರೆ ವಿಂಡೋಸ್ ತಾನೇ ಸಮಯ ಸರಿಪಡಿಸಿಕೊಳ್ಳಬೇಕಲ್ಲವೇ ಎಂದು ತಿಳಿದವರು ಕೇಳಬಹುದು. ಸಣ್ಣ ವ್ಯತ್ಯಾಸವಾದರೆ ಸರಿಪಡಿಸುತ್ತದೆ. ವರ್ಷಗಟ್ಟಲೆ ಅಂತರ ಕಂಡರೆ, ತನಗೆ ಯಾರೋ ತಪ್ಪು ಸಮಯ ಹೇಳುತ್ತಿದ್ದಾರೆಂದು ಅನುಮಾನಿಸಿ ಸುಮ್ಮನಿರುವುದೂ ಉಂಟು. ಆಗ ಕೈಯಿಂದಲೇ ತಾರೀಖು ತಿದ್ದಬೇಕು. ತಿದ್ದಿದ ಮೇಲೂ ಮರುದಿನ ಮತ್ತೆ ತಪ್ಪಿದರೆ ಸೆಲ್ ಸತ್ತಿದೆಯೆಂದು ನಿಶ್ಚಯ. ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರಿನಲ್ಲಿ ಅಳೆದರೆ ಹೊಸ ಸೆಲ್ 3 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಿಸುವುದೇ ಲೇಸು. ವಯರು ಕಿತ್ತು, ದೊಡ್ಡವರ ಎದುರಿನಲ್ಲಿ ಈ ಕೆಲಸ ಮಾಡಬೇಕು. ತಾಯಿತಂದೆಗಳು ಇನ್ನೊಂದು ಮಾತನ್ನು ಮರೆಯಬಾರದು. ತೆಗೆದ ಹಳೆಯ ಬಿಲ್ಲೆಯನ್ನು ಎಲ್ಲೆಂದರಲ್ಲಿ ಇಡಬೇಡಿ. ಸಣ್ಣ ಮಕ್ಕಳು ನಾಣ್ಯವೆಂದು ನುಂಗಿದರೆ ಅದು ಅನ್ನನಾಳಕ್ಕೆ ಅಂಟಿ ಎರಡೇ ತಾಸಿನಲ್ಲಿ ಸುಡಬಲ್ಲದು. ಗಡಿಯಾರ ನಡೆಸಲಾಗದಷ್ಟು ಬಡವಾದ ಸೆಲ್ಲಿಗೂ ಈ ಕೇಡು ಮಾಡುವ ಶಕ್ತಿ ಉಳಿದಿರುತ್ತದೆ. ಹಾಗೇನಾದರೂ ಆದರೆ ಮನೆಮದ್ದಿಗೆ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಎಚ್ಚರಿಕೆ. ಪ್ರಮಾಣಪತ್ರದ ಕಿಟಕಿ ಬಂದಾಗ ‘ಪರವಾಗಿಲ್ಲ, ಈ ಸಲ ಬಿಡು’ ಎಂಬ ಅರ್ಥದ ಗುಂಡಿಯೂ ಅದರಲ್ಲೇ ಇರುತ್ತದೆ. ಅದನ್ನು ಒತ್ತಿದರೆ ಟಪಾಲು ಬಂದೀತು. ಆದರೆ ಬಾಗಿಲಲ್ಲಿ ನಿಂತವನು ಯಾರೆಂದು ಕೇಳದೆ ಕೀಲಿಕೈ ಕೊಟ್ಟ ಹಾಗಾಯಿತು. ತಾರೀಖು ಸರಿಯಿದ್ದೂ ಈ ಕಿಟಕಿ ಬಂದರೆ ಸುತರಾಂ ಒತ್ತಬಾರದು.

ಚಚಡಿಯ ನಮ್ಮ ಹುಡುಗ ತಾರೀಖು ತಿದ್ದಿದ, ಮತ್ತೆ ಗುಂಡಿ ಒತ್ತಿದ. ಏಪ್ರಿಲ್‌ನಿಂದ ಕೂಡಿಬಿದ್ದಿದ್ದ ಪತ್ರಗಳು ಒಂದೊಂದಾಗಿ ಇಳಿಯತೊಡಗಿದವು. ಹೆಡ್‌ಮಾಸ್ತರು ಕುರ್ಚಿ ಎಳೆದುಕೊಂಡು ಕುಳಿತರು. ಹನ್ನೊಂದನೆಯ ಪತ್ರಕ್ಕೆ ಗಾಡಿ ನಿಂತಿತು. ಮತ್ತೊಮ್ಮೆ ಒತ್ತಿದರೂ ಅಲ್ಲೇ, ಮಗದೊಮ್ಮೆ ಒತ್ತಿದರೂ ಅಲ್ಲೇ.

ಇದು ಎರಡನೆಯ ರೋಗ, ಬಹಳ ಸಾಮಾನ್ಯವಾದದ್ದು. ಪಾಪ್ ಪದ್ಧತಿಯಲ್ಲಿ ಆಳು ಮತ್ತು ಅಂಚೆ ಕಚೇರಿಯ ನಡುವಿನ ಸಂಭಾಷಣೆ ಬಹಳ ಚುಟುಕು. ಹೆಸರು ಹೇಳುತ್ತದೆ, ಗುಪ್ತಪದ ಹೇಳುತ್ತದೆ, ಎಷ್ಟು ಪತ್ರ ಇವೆ ಎಂದು ಕೇಳುತ್ತದೆ, ಒಂದನೆಯದು ಕೊಡು, ಎರಡನೆಯದು ಕೊಡು ಎನ್ನುತ್ತದೆ, ಕೊನೆಗೆ ‘ಕ್ವಿಟ್’ ಎಂದು ಹೇಳಿ ಹೊರಡುತ್ತದೆ. ಪತ್ರಗಳು ಸಾಲಾಗಿಯೇ ಬರಬೇಕು. ಸಾಲಿನ ನಡುವೆ ಒಂದು ಭಾರೀ ಪತ್ರ ಇತ್ತೆನ್ನಿ, ಕಿರಿದಾದ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿಕೊಂಡಂತೆ. ಹಿಂದಿನ ಮೋಟಾರ್ ಸೈಕಲ್ಲುಗಳೆಲ್ಲ ಕಾಯಬೇಕು.

ಭಾರ ಎಷ್ಟಿದ್ದೀತು? ಲೆಕ್ಕ ಹಾಕೋಣ. ಯಾರೋ ಶಾಲಾ ವಾರ್ಷಿಕೋತ್ಸವದ ಫೋಟೋಗಳನ್ನು 18 ಮೆಗಾಬೈಟ್ ಗಂಟು ಕಟ್ಟಿ ಕಳಿಸಿದ್ದಾರೆ. ಇ-ಮೇಲ್ ಮೂಲತಃ ಅಕ್ಷರಗಳನ್ನು ಹೊರಲು ಹುಟ್ಟಿದ್ದು, ಚಿತ್ರಗಳನ್ನಲ್ಲ. ಹೀಗಾಗಿ ಚಿತ್ರದ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬಿಡಿಸಿ ಬರೆಯುತ್ತಾರೆ. 18 ಮೆಗಾಬೈಟ್ ದಾರಿಯಲ್ಲಿ 24 ಆಗುತ್ತದೆ. ಒಂದು ಬೈಟಿಗೆ ಎಂಟು ಬಿಟ್, ಅಂದರೆ 192 ಮೆಗಾಬಿಟ್. ನೆಟ್‌ವರ್ಕ್ ಕ್ಷೀಣವಾಗಿ ಸೆಕೆಂಡಿಗೆ 100 ಕಿಲೋಬಿಟ್ ಮಾತ್ರ ಸಿಗುತ್ತಿದ್ದರೆ 1,920 ಸೆಕೆಂಡು, ಅಂದರೆ 32 ನಿಮಿಷ ಬೇಕು! ಅಷ್ಟರಲ್ಲಿ ಒಮ್ಮೆ ಸಿಗ್ನಲ್ ಹೋಗುತ್ತದೆ, ಇಲ್ಲವೇ ಕರೆಂಟು ಹೋಗುತ್ತದೆ. ಪಾಪ್‌ಗೆ ಅರ್ಧಕ್ಕೆ ನಿಂತ ಪತ್ರವನ್ನು ಅಲ್ಲಿಂದ ಮುಂದುವರಿಸಲು ಬರುವುದಿಲ್ಲ. ಮತ್ತೆ ಮೊದಲಿನಿಂದ. ಹೀಗೆ ದಿನಗಟ್ಟಲೆ ಗುದ್ದಾಡಿದರೂ ಹನ್ನೊಂದನೆಯ ಪತ್ರ ದಾಟುವುದಿಲ್ಲ, ಹನ್ನೆರಡನೆಯದು ಕಾಣುವುದಿಲ್ಲ.

ಮದ್ದು ಸುಲಭ. ಬ್ರೌಸರಿನಲ್ಲಿ ಖಾತೆ ತೆರೆದು ಆ ಭಾರೀ ಪತ್ರವನ್ನು ಬೇರೆ ಕಡೆ ಉಳಿಸಿಕೊಂಡು, ಇನ್‌ಬಾಕ್ಸಿನ ಸಾಲಿನಿಂದ ತೆಗೆದುಬಿಟ್ಟರೆ ದಾರಿ ತೆರವಾಗುತ್ತದೆ. ಹುಡುಗ ತನ್ನ ಮೊಬೈಲಿನಿಂದ ಅದನ್ನೇ ಮಾಡಿದ. ಆದರೂ ಕೂಡಲೇ ಒತ್ತಿದಾಗ ‘ಪೆಟ್ಟಿಗೆ ಬಳಕೆಯಲ್ಲಿದೆ’ ಎಂಬ ಉತ್ತರ ಬಂದೀತು. ಗಾಬರಿ ಬೇಡ. ಪಾಪ್ ಆಳು ಒಳಗೆ ಹೋದಾಗ ಅಂಚೆ ಕಚೇರಿಯವರು ಪೆಟ್ಟಿಗೆಗೆ ಬೀಗ ಹಾಕಿ ಬೇರೆಯವರನ್ನು ತಡೆಯುತ್ತಾರೆ. ‘ಕ್ವಿಟ್’ ಹೇಳದೆ ಸಂಪರ್ಕ ಕಡಿದರೆ ಆಳು ಒಳಗೇ ಇದ್ದಾನೆಂದು ಅವರ ನಂಬಿಕೆ. ನಿಯಮದ ಪ್ರಕಾರ ಕನಿಷ್ಠ ಹತ್ತು ನಿಮಿಷ ಸುಮ್ಮನಿದ್ದವನನ್ನು ಮಾತ್ರ ಹೊರಹಾಕಬಹುದು. ಆದ್ದರಿಂದ ಪದೇ ಪದೇ ಗುಂಡಿ ಒತ್ತುವ ಬದಲು ಒಂದು ಚಹಾ ಕುಡಿದು ಬರುವುದು ಉತ್ತಮ ದುರಸ್ತಿ. ಅಂದ ಹಾಗೆ, ಪತ್ರಗಳನ್ನು ಅಳಿಸಬೇಕೆಂಬ ಆಜ್ಞೆ ಜಾರಿಯಾಗುವುದೂ ‘ಕ್ವಿಟ್’ ಹೇಳಿದ ಮೇಲೆಯೇ. ನಡುವೆ ಕರೆಂಟು ಹೋದರೆ ಒಂದೇ ಪತ್ರ ಎರಡೆರಡು ಸಲ ಇಳಿಯಬಹುದು, ಆದರೆ ಕಳೆದುಹೋಗುವುದಿಲ್ಲ. ರೂಪಿಸಿದವರು ಜಾಣರು.

ಬೇರೆ ರೋಗಗಳೂ ಉಂಟು. ಗುಪ್ತಪದ ಸರಿಯಿದ್ದರೂ ತಪ್ಪೆಂದು ತಿರಸ್ಕರಿಸುವುದು ಒಂದು. 2022ರ ಮೇ 30ರಿಂದ ಗೂಗಲ್ ಸಂಸ್ಥೆ ವೈಯಕ್ತಿಕ ಖಾತೆಗಳಿಗೆ ಬರೇ ಹೆಸರು ಮತ್ತು ಗುಪ್ತಪದ ಕೊಟ್ಟು ಒಳಬರುವ ಹಳೆಯ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ಹಾಗೇ ಮಾಡಿತು. ಈಗ ಆಳಿನ ಕೈಗೆ ಮನೆಯ ಕೀಲಿಕೈ ಕೊಡುವುದಿಲ್ಲ, ‘ಇವನಿಗೆ ಪತ್ರ ಕೊಡಿ’ ಎಂದು ಮಾಲೀಕ ಬರೆದ ಚೀಟಿ ಕೊಡುತ್ತಾರೆ. ಹೊಸ ತಂತ್ರಾಂಶಗಳು ಈ ಚೀಟಿಯ ಪದ್ಧತಿಯನ್ನು ಬಲ್ಲವು. ಬಾರದವುಗಳಿಗೆ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಇಟ್ಟುಕೊಂಡು 16 ಅಕ್ಷರಗಳ ಪ್ರತ್ಯೇಕ ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್ ಇನ್ನೂ ಇಟ್ಟುಕೊಂಡವರಿಗೆ ಮಾತ್ರ ಯಾವ ಮದ್ದೂ ಇಲ್ಲ. ಈಗಿನ ಸರ್ವರುಗಳ ಗೂಢಲಿಪಿ ಅದಕ್ಕೆ ತಿಳಿಯುವುದಿಲ್ಲ.

ಎರಡು ಆಳುಗಳ ಜಗಳ ಇನ್ನೊಂದು. ಹೆಡ್‌ಮಾಸ್ತರು ಮನೆಯ ಗಣಕದಲ್ಲಿ, ಗುಮಾಸ್ತರು ಕಚೇರಿಯ ಗಣಕದಲ್ಲಿ, ಇಬ್ಬರೂ ಒಂದೇ ಜಿಮೇಲ್ ಖಾತೆಗೆ ಪಾಪ್ ಹಚ್ಚಿದ್ದಾರೆ. ಮೊದಲು ಹೋದವನು ಪತ್ರ ತಂದರೆ ಎರಡನೆಯವನಿಗೆ ‘ಹೊಸದೇನೂ ಇಲ್ಲ’ ಎಂಬ ಉತ್ತರ. ಹೆಸರಿನ ಮೊದಲು ‘ರೀಸೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಎರಡು ಚುಕ್ಕೆಯ ಚಿಹ್ನೆ ಹಾಕಿದರೆ ಜಿಮೇಲ್ ಹಿಂದಿನ 30 ದಿನಗಳ ಪತ್ರಗಳನ್ನು ಎಲ್ಲರಿಗೂ ಕೊಡುತ್ತದೆ. ಅದಕ್ಕಿಂತ ಇಬ್ಬರೂ ಐಮ್ಯಾಪ್‌ಗೆ ಬದಲಾಗುವುದೇ ಚೆನ್ನ. ಇನ್ನು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದ ಪತ್ರಗಳನ್ನು ಪಾಪ್ ತರುವುದೇ ಇಲ್ಲ, 30 ದಿನಗಳಲ್ಲಿ ಜಿಮೇಲ್ ಅವನ್ನು ತಾನಾಗಿ ಅಳಿಸಿಬಿಡುತ್ತದೆ. ವಾರಕ್ಕೊಮ್ಮೆಯಾದರೂ ಬ್ರೌಸರಿನಲ್ಲಿ ಅಲ್ಲಿ ಇಣುಕಬೇಕು.

ಇದುವರೆಗಿನವೆಲ್ಲ ಆಳಿನ ರೋಗಗಳು. ಪತ್ರ ಪೆಟ್ಟಿಗೆಗೇ ಬಾರದಿರುವ ರೋಗವೂ ಒಂದಿದೆ, ಅದು ಶಾಲೆಗಿಂತ ಮನೆಯಲ್ಲಿ ಹೆಚ್ಚು. ಗೂಗಲ್ ಪ್ರತಿ ಖಾತೆಗೆ ಉಚಿತವಾಗಿ 15 ಗಿಗಾಬೈಟ್ ಜಾಗ ಕೊಡುತ್ತ ಬಂದಿದೆ. ಆದರೆ ಅದು ಇ-ಮೇಲಿಗೆ ಮಾತ್ರವಲ್ಲ, ಫೋಟೋ, ಡ್ರೈವ್ ಎಲ್ಲಕ್ಕೂ ಸೇರಿ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ ಬರುತ್ತಿದೆ. ದಿನಾ ಬೆಳಗ್ಗೆ ಬರುವ ಗುಲಾಬಿ ಹೂವಿನ ‘ಶುಭೋದಯ’ಗಳು, ಮದುವೆಯ ವಿಡಿಯೋಗಳು ಸೇರಿ ಕಣಜ ತುಂಬುತ್ತದೆ. ತುಂಬಿದ ಕಣಜಕ್ಕೆ ಹೊಸ ಪತ್ರ ಹಿಡಿಸುವುದಿಲ್ಲ, ಕಳಿಸಿದವರಿಗೇ ಮರಳುತ್ತದೆ. ಮರಳಿದ ವಿಷಯ ನಮಗೆ ಗೊತ್ತೇ ಆಗುವುದಿಲ್ಲ. ಮಗಳ ಸಿಇಟಿಗೋ, ವಿದ್ಯಾರ್ಥಿವೇತನಕ್ಕೋ ತಂದೆಯ ಫೋನಿನ ಇ-ಮೇಲ್ ವಿಳಾಸ ಕೊಟ್ಟಿರುವ ಮನೆಗಳು ಹಳ್ಳಿಗಳಲ್ಲಿ ಎಷ್ಟಿಲ್ಲ! ಅರ್ಜಿ ಹಾಕುವ ದಿನವೇ ಜಾಗ ಎಷ್ಟು ಉಳಿದಿದೆಯೆಂದು ನೋಡಿಕೊಳ್ಳಬೇಕು. ಸೈಬರ್ ಅಂಗಡಿಯವರು ತಮ್ಮದೇ ವಿಳಾಸ ಹಾಕಿ ಅರ್ಜಿ ತುಂಬುವುದು ಇನ್ನೂ ಅಪಾಯದ್ದು. ಆ ಪೆಟ್ಟಿಗೆಯ ಕೀಲಿಕೈ ನಿಮ್ಮ ಹತ್ತಿರ ಇರುವುದೇ ಇಲ್ಲ. ಮೊಬೈಲಿನ ಮೇಲ್ ಆ್ಯಪಿನಲ್ಲಿ ‘ಸಿಂಕ್’ ಎಂಬ ಗುರುತು ಆರಿಹೋಗಿದ್ದರೂ, ಬ್ಯಾಟರಿ ಉಳಿಸುವ ವ್ಯವಸ್ಥೆ ಬಿಗಿಯಾಗಿದ್ದರೂ ಪತ್ರ ತಡವಾಗುತ್ತದೆ. ಇದು ಕ್ಷಣದ ಕೆಲಸ, ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಂಡರಾಯಿತು.

ಚಚಡಿಯ ಕಚೇರಿಯಲ್ಲಿ ಚಹಾ ಮುಗಿಯುವ ಹೊತ್ತಿಗೆ ಹನ್ನೆರಡನೆಯ ಪತ್ರ ಇಳಿಯಿತು, ಹದಿಮೂರನೆಯದೂ ಇಳಿಯಿತು. ಇಲಾಖೆಯ ಸುತ್ತೋಲೆಗಳು, ಪುಸ್ತಕ ಮಾರುವವರ ಜಾಹೀರಾತುಗಳು, ಮತ್ತೆ ಸುತ್ತೋಲೆಗಳು. ಇಪ್ಪತ್ತೇಳನೆಯದರ ಮೇಲೆ ‘ಇನ್‌ಸ್ಪೈರ್’ ಎಂದು ಇಂಗ್ಲಿಷಿನಲ್ಲಿತ್ತು. ಅದು ಬಂದು ಒಂಬತ್ತು ದಿನವಾಗಿತ್ತು. ಉತ್ತರ ಕಳಿಸಲು ಇನ್ನೂ ನಾಲ್ಕು ದಿನ ಉಳಿದಿದ್ದವು. ಹೆಡ್‌ಮಾಸ್ತರು ಜವಾನನನ್ನು ಕರೆದು ಆ ರೈತನ ಹೊಲದ ದಾರಿ ಗೊತ್ತೇನು ಎಂದು ಕೇಳಿದರು. ಹುಡುಗ ತನ್ನ ಟಿಸಿ ತೆಗೆದುಕೊಂಡು, ಸಿಆರ್ 2032 ಎಂದು ಒಂದು ಚೀಟಿಯ ಮೇಲೆ ಬರೆದು ಗುಮಾಸ್ತರ ಕೈಗೆ ಕೊಟ್ಟು ಬಸ್ಸಿಗೆ ಹೋದ.